ಟ್ರಂಕಿನೊಳಗಿನ ಚಿತ್ರ

ಹೈದರಾಬಾದಿನ ನಮ್ಮ ಮನೆಯಲ್ಲಿ ದೇವರ ಪಟದ ಪಕ್ಕದಲ್ಲೇ ಅಜರುದ್ದೀನ್ ಚಿತ್ರ! ಊರಿನ ಹುಡುಗನಲ್ಲವೇ? 2000ದ ಮಾರ್ಚಿನಲ್ಲಿ, ಬೆಂಗಳೂರಿನಲ್ಲಿ, ತನ್ನ 99ನೇ ಟೆಸ್ಟಿನಲ್ಲಿ ಆತ 102 ಹೊಡೆದಾಗ, ಭಾರತ ಸೋತರೂ ಅಪ್ಪ ಕುಣಿದಿದ್ದರು. ಡಿಸೆಂಬರಿನಲ್ಲಿ ಮ್ಯಾಚ್ ಫಿಕ್ಸಿಂಗ್ ಆರೋಪದ ಮೇಲೆ ಆಜೀವ ನಿಷೇಧ ಬಂತು. ಅಪ್ಪ ಮಾತಾಡದೆ ಚಿತ್ರ ಇಳಿಸಿದರು.

"ಆಡಿದ್ದೆಲ್ಲಾ ಸುಳ್ಳೇನಪ್ಪಾ?" ಅಂದೆ.

"ಅದೇ ಗೊತ್ತಾಗಲ್ಲವಲ್ಲೋ!"

2012ರಲ್ಲಿ ಆಂಧ್ರಪ್ರದೇಶ ಹೈಕೋರ್ಟು ಆ ನಿಷೇಧ ಊರ್ಜಿತವಲ್ಲವೆಂದಿತು. ಪೇಪರು ಓದಿ ಹೇಳಿದೆ. ಅಪ್ಪ ಟ್ರಂಕಿನಿಂದ ಚಿತ್ರ ತೆಗೆದರು, ಧೂಳು ಒರೆಸಿದರು, ಮತ್ತೆ ಒಳಗೇ ಇಟ್ಟರು. ನಿಷೇಧವನ್ನೇನೋ ಕೋರ್ಟು ತೆಗೆಯಿತು. ನಾವು ಕುಣಿದದ್ದು ನಿಜವಾದ ಆಟಕ್ಕೋ ಅಲ್ಲವೋ ಎಂಬ ಅನುಮಾನವನ್ನು ಯಾರು ತೆಗೀತಾರೆ? ಆದರೂ ಗೆಳೆಯರೇ, ಅಪ್ಪ ಆ ಚಿತ್ರವನ್ನು ಹರಿದು ಹಾಕಲಿಲ್ಲ.