ಮೊದಲು ಯಾವುದು?

ಊಟದ ಎಲೆಯ ಮುಂದೆ ಕೂತವನಿಗೆ ಎಲ್ಲಿಂದ ಶುರು ಮಾಡಬೇಕೆಂಬ ಚಿಂತೆಯನ್ನು ನಮ್ಮ ಹಿರಿಯರು ಉಳಿಸಿಲ್ಲ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಂದು ಬಡಿಸುವುದಕ್ಕೇ ಒಂದು ಕ್ರಮವಿದೆ. ಬಡಿಸುವವರು ಮುಂದೆ ಮುಂದೆ ಹೋಗುತ್ತಾರೆ, ನಾವು ಹಿಂದಿನಿಂದ ಉಣ್ಣುತ್ತ ಹೋದರಾಯಿತು. ಪುಸ್ತಕದ ವಿಷಯ ಹಾಗಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದ ನನ್ನನ್ನು ಹುಡುಗರು ಕೇಳುತ್ತಿದ್ದುದುಂಟು: "ಸಾರ್, ಕಾರಂತರನ್ನ ಎಲ್ಲಿಂದ ಶುರು ಮಾಡ್ಲಿ?" ನಲವತ್ತಕ್ಕೂ ಹೆಚ್ಚು ಕಾದಂಬರಿ ಬರೆದವರ ಬಗ್ಗೆ ಇದು ನ್ಯಾಯವಾದ ಪ್ರಶ್ನೆಯೇ. ನಾನು ಹಿಂದೆಮುಂದೆ ನೋಡದೆ 'ಚೋಮನ ದುಡಿ' ಎನ್ನುತ್ತಿದ್ದೆ. ಸಣ್ಣದು, ಒಂದು ರಾತ್ರಿಗೆ ಮುಗಿಯುತ್ತದೆ, ಮುಗಿದ ಮೇಲೂ ನಮ್ಮನ್ನು ಬಿಡುವುದಿಲ್ಲ. ಇಂಥ ಉತ್ತರ ಕೊಟ್ಟು ಕೊಟ್ಟು, ಶುರು ಮಾಡಿಸುವುದರಲ್ಲಿ ನಾನು ಪಳಗಿದವನು ಎಂಬ ಸಣ್ಣ ಜಂಬ ನನಗೆ ಬಂದಿತ್ತು. ಹೋದ ಮಳೆಗಾಲದಲ್ಲಿ ಅದು ಇಳಿಯಿತು.

ಇಳಿಸಿದವನು ನನ್ನ ತಮ್ಮನ ಮಗ. ಬೆಂಗಳೂರಿನಲ್ಲಿ ಓದುತ್ತಿರುವ ಹುಡುಗ, ಇಪ್ಪತ್ತು ವರ್ಷದವನು, ರಜೆಗೆಂದು ಸಾಗರದ ಹತ್ತಿರದ ನಮ್ಮ ಹಳೆಯ ಮನೆಗೆ ಬಂದಿದ್ದ. ಸೋರುವ ಹಂಚು ಯಾವುದೆಂದು ನೋಡಲು ಅಟ್ಟ ಹತ್ತಿದವನು ಇಳಿಯುವಾಗ ಕೈಯಲ್ಲಿ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಹಿಡಿದುಕೊಂಡಿದ್ದ. ಒಳಗೆ ಹನ್ನೊಂದು ಕ್ಯಾಸೆಟ್ಟುಗಳು. ಕೆಲವು ಅಂಗಡಿಯಿಂದ ಕೊಂಡವು. ಕೆಲವು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡವು, ಅವುಗಳ ಮೇಲೆ ನನ್ನ ತಮ್ಮನ ಓರೆ ಅಕ್ಷರ. ಎಲ್ಲವೂ ಒಂದೇ ತಂಡದವು: ಪಿಂಕ್ ಫ್ಲಾಯ್ಡ್.

"ದೊಡ್ಡಪ್ಪಾ, ಇದ್ರಲ್ಲಿ ಮೊದ್ಲು ಯಾವ್ದು ಕೇಳ್ಲಿ?" ಎಂದ.

ತಮ್ಮ ಹೋದದ್ದು 2008ರಲ್ಲಿ, ರಸ್ತೆಯ ಮೇಲೆ. ಆಗ ಈ ಹುಡುಗನಿಗೆ ನಾಲ್ಕು ವರ್ಷ.

"ನಾಳೆ ಹೇಳ್ತೀನಿ ಕಣೋ" ಎಂದೆ. ಕಾರಂತರ ಬಗ್ಗೆ ಒಂದು ಕ್ಷಣವೂ ಯೋಚಿಸದೆ ಹೇಳುತ್ತಿದ್ದವನಿಗೆ ಇಂಗ್ಲೆಂಡಿನ ಒಂದು ರಾಕ್ ತಂಡದ ಬಗ್ಗೆ ಒಂದು ರಾತ್ರಿ ಬೇಕಾಯಿತು.

ಓದುಗರಲ್ಲಿ ಈ ತಂಡದ ಪರಿಚಯವಿಲ್ಲದವರೂ ಇರಬಹುದು. ಲಂಡನ್ನಿನಲ್ಲಿ 1965ರಲ್ಲಿ ಹುಟ್ಟಿದ ತಂಡ ಇದು. ಸಿಡ್ ಬ್ಯಾರೆಟ್, ರೋಜರ್ ವಾಟರ್ಸ್, ರಿಚರ್ಡ್ ರೈಟ್, ನಿಕ್ ಮೇಸನ್ ಎಂಬ ನಾಲ್ವರು. ಬ್ಯಾರೆಟ್ಟನ ಮನಸ್ಸು ಹದಗೆಡುತ್ತ ಬಂದಾಗ ಡೇವಿಡ್ ಗಿಲ್ಮೋರ್ ಬಂದು ಸೇರಿದ. 1968ರಲ್ಲಿ ಬ್ಯಾರೆಟ್ ಹೊರಗೆ ಹೋದ. 1967ರಿಂದ 2014ರವರೆಗೆ ಹದಿನೈದು ಆಲ್ಬಂ. ಒಂದರಂತೆ ಇನ್ನೊಂದಿಲ್ಲ. ಒಂದನ್ನು ಕೇಳಿ ಮೆಚ್ಚಿದವನು ಮುಂದಿನದನ್ನು ಕೇಳಿ ಮುಖ ಸಿಂಡರಿಸಬಹುದು. ಕಷ್ಟವಿರುವುದೇ ಇಲ್ಲಿ.

ಈ ಕಷ್ಟ ನನಗೆ ಅನುಭವದಿಂದ ಗೊತ್ತು. 1986ರಲ್ಲಿ ತಮ್ಮ ಬೆಂಗಳೂರಿಗೆ ಓದಲು ಹೋದ. ಬ್ರಿಗೇಡ್ ರಸ್ತೆಯ ಕಡೆ ತಿರುಗಾಡಲು ಕಲಿತ. ರಜೆಗೆ ಬರುವಾಗ ಒಂದೊಂದೇ ಕ್ಯಾಸೆಟ್ಟು ತರತೊಡಗಿದ. ನಾನೂ ಕೇಳುತ್ತೇನೆಂದೆ. ಆದರೆ ನಾನು ಮೇಷ್ಟ್ರು. ಯಾವುದನ್ನಾದರೂ ಮೊದಲಿನಿಂದ ಶುರು ಮಾಡಬೇಕು, ಆಗಲೇ ಬೆಳವಣಿಗೆ ತಿಳಿಯುವುದು ಎಂದು ಹಟ ಹಿಡಿದೆ. "ಬೇಡ ಅಣ್ಣ, ಅದು ಆಮೇಲೆ" ಎಂದ ತಮ್ಮ. ನಾನು ಕೇಳಲಿಲ್ಲ. 1967ರ ಮೊದಲನೆಯ ಆಲ್ಬಂ 'ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್' ಹಾಕಿಸಿಕೊಂಡೆ. ಹೆಚ್ಚಿನ ಹಾಡುಗಳು ಬ್ಯಾರೆಟ್ಟನವು. ಒಂದು ಕುಳ್ಳ ಯಕ್ಷನ ಮೇಲೆ, ಒಂದು ಗದ್ದೆಯ ಬೆರ್ಚಪ್ಪನ ಮೇಲೆ, ಒಂದು ಸೈಕಲ್ಲಿನ ಮೇಲೆ. ನಡುವೆ ಹತ್ತು ನಿಮಿಷಕ್ಕೆ ಹತ್ತಿರ ಹತ್ತಿರ ಮಾತೇ ಇಲ್ಲದ, ತಲೆಬುಡ ತಿಳಿಯದ ವಾದ್ಯಗಳ ಗಲಾಟೆ. ಇವತ್ತು ಅದರ ಸೊಗಸು ನನಗೆ ಗೊತ್ತು. ಆವತ್ತು ಗೊತ್ತಾಗಲಿಲ್ಲ. ಅಡಿಗೆಮನೆಯಿಂದ ಅಮ್ಮ "ಏನೋ ಬಿತ್ತಲ್ಲ?" ಎಂದು ಓಡಿ ಬಂದಳು. ಎರಡು ವರ್ಷ ನಾನು ಆ ಡಬ್ಬಿಯ ಕಡೆ ತಿರುಗಿ ನೋಡಲಿಲ್ಲ. ಮಾಡಿದವರ ಕ್ರಮ ಬೇರೆ, ಕೇಳುವವರ ಕ್ರಮ ಬೇರೆ ಎಂಬುದನ್ನು ತಿಳಿಯಲು ನಾನು ತೆತ್ತ ಶುಲ್ಕ ಆ ಎರಡು ವರ್ಷ.

ಎರಡನೆಯ ಸಲ ತಮ್ಮ ನನ್ನನ್ನು ಕೇಳಲಿಲ್ಲ. ಒಂದು ರಾತ್ರಿ ಕರೆಂಟು ಹೋಗಿತ್ತು. ಟೇಪ್ ರೆಕಾರ್ಡರಿಗೆ ಸೆಲ್ಲು ಹಾಕಿ ಜಗಲಿಯಲ್ಲಿಟ್ಟು, ಹೇಳದೆ ಕೇಳದೆ 1973ರ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಹಾಕಿಬಿಟ್ಟ. ಕತ್ತಲಲ್ಲಿ ಮೊದಲು ಎದೆಬಡಿತದ ಸದ್ದು. ಸ್ವಲ್ಪ ಹೊತ್ತಿಗೆ ಒಮ್ಮೆಲೇ ಹತ್ತಾರು ಗಡಿಯಾರಗಳು ಹೊಡೆದುಕೊಂಡವು. ಅಲನ್ ಪಾರ್ಸನ್ಸ್ ಎಂಬ ಧ್ವನಿ ತಂತ್ರಜ್ಞ ಹಳೆಯ ಗಡಿಯಾರದ ಅಂಗಡಿಯೊಂದರಲ್ಲಿ ಒಂದೊಂದನ್ನೇ ಹಿಡಿದು ತಂದ ಸದ್ದು ಅದು. ನಿದ್ದೆಗೆ ಜಾರುತ್ತಿದ್ದ ಅಪ್ಪ ಎದ್ದು ಕೂತು "ಯಾರೋ ಅಲಾರಂ ಇಟ್ಟಿದ್ದು?" ಎಂದು ರೇಗಿದ. ಆಮೇಲೆ ಮಲಗಲಿಲ್ಲ. ಕ್ಯಾಸೆಟ್ಟಿನ ಮಗ್ಗುಲು ತಿರುಗಿಸಿದಾಗ ಚಿಲ್ಲರೆ ಕಾಸು ಬೀಳುವ, ಗಲ್ಲಾಪೆಟ್ಟಿಗೆ ತೆರೆಯುವ ಸದ್ದೇ ತಾಳವಾಗಿ 'ಮನಿ' ಎಂಬ ಹಾಡು ಶುರುವಾಯಿತು. ಅಪ್ಪನಿಗೆ ಸಂಗೀತದ ಗಂಧವಿತ್ತು. ತೊಡೆಯ ಮೇಲೆ ಕೈ ಆಡಿಸುತ್ತ "ಏಳು ಕಣೋ ಇದು, ಮಿಶ್ರಛಾಪು!" ಎಂದ. ನಡುವೆ ಗಿಟಾರು ಏರಿದ ಕಡೆ ಲೆಕ್ಕ ನಾಲ್ಕಕ್ಕೆ ಬದಲಾಗುತ್ತದೆ. "ತಪ್ಪಿದರು" ಎಂದು ಕೈ ನಿಲ್ಲಿಸಿದ. ಹಾಡು ಮತ್ತೆ ಏಳಕ್ಕೆ ಮರಳಿದಾಗ "ಪರವಾಗಿಲ್ಲ, ಬಂದರು" ಎಂದು ಕ್ಷಮಿಸಿದ. ಆ ರಾತ್ರಿಯಿಂದ ನಾನು ಆ ತಂಡದ ಒಕ್ಕಲಾದೆ.

ಈಗ ಹುಡುಗನ ಪ್ರಶ್ನೆಗೆ ಬರೋಣ. ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ಹೆಣ್ಣು ನೋಡಲು ಹೊರಟವರ ಹಾಗೆ ಒಂದೊಂದನ್ನೇ ತೂಗಿದೆ. 'ಪೈಪರ್' ನನಗಾದ ಶಾಸ್ತಿ, ಬೇಡ. 1970ರ 'ಆಟಮ್ ಹಾರ್ಟ್ ಮದರ್'? ಅದರ ಮುಖಪುಟದಲ್ಲಿ ತಂಡದ ಹೆಸರಿಲ್ಲ, ಆಲ್ಬಮ್ಮಿನ ಹೆಸರಿಲ್ಲ. ಹುಲ್ಲುಗಾವಲಿನಲ್ಲಿ ನಿಂತು ಹಿಂತಿರುಗಿ ನೋಡುವ ಒಂದು ದನ, ಅಷ್ಟೇ. ನಮ್ಮ ಅಮ್ಮನಿಗೆ ಈ ತಂಡದಲ್ಲಿ ಹಿಡಿಸಿದ್ದು ಅದೊಂದೇ. ಆದರೆ ಒಂದು ಮಗ್ಗುಲು ಪೂರ್ತಿ ತುತ್ತೂರಿ, ಮೇಳಗಾಯನ, ಹೊಸಬನಿಗೆ ಭಾರ. 1977ರ 'ಅನಿಮಲ್ಸ್'? ಆರ್ವೆಲ್ಲನ 'ಅನಿಮಲ್ ಫಾರ್ಮ್' ನೆನಪಿಸುವ ನಾಯಿ, ಹಂದಿ, ಕುರಿಗಳ ಮೂರು ದೊಡ್ಡ ಹಾಡುಗಳು. ಮುಖಪುಟದ ಚಿತ್ರಕ್ಕೆಂದು ಲಂಡನ್ನಿನ ವಿದ್ಯುತ್ ಸ್ಥಾವರದ ಮೇಲೆ ಹಾರಿಸಿದ ದೊಡ್ಡ ಹಂದಿ ಬಲೂನು ಹಗ್ಗ ಹರಿದುಕೊಂಡು ವಿಮಾನಗಳ ದಾರಿಗೆ ಅಡ್ಡ ಹೋಗಿ ಕೊನೆಗೆ ಕೆಂಟ್ ಪ್ರಾಂತದ ಹೊಲವೊಂದರಲ್ಲಿ ಇಳಿದ ಕತೆ ಹೇಳಿ ನಗಿಸಬಹುದು. ಆದರೆ ಹಾಡುಗಳಲ್ಲಿ ನಗುವಿಲ್ಲ, ಸಿಟ್ಟೇ ಎಲ್ಲ.

1975ರ 'ವಿಶ್ ಯು ವರ್ ಹಿಯರ್' ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಬಿಟ್ಟು ಹೋದ ಬ್ಯಾರೆಟ್ಟನನ್ನು ನೆನೆದು ಮಾಡಿದ್ದು. ಅದರ ಕೆಲಸ ನಡೆಯುತ್ತಿದ್ದಾಗ, ಆ ವರ್ಷದ ಜೂನ್ 5ರಂದು, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡ ದಪ್ಪನೆಯ ಆಸಾಮಿಯೊಬ್ಬ ಸ್ಟುಡಿಯೋದೊಳಗೆ ಬಂದು ನಿಂತ. ಗೆಳೆಯರಿಗೆ ಗುರುತೇ ಸಿಗಲಿಲ್ಲ. ಅವನೇ ಬ್ಯಾರೆಟ್. ತಿಳಿದ ಮೇಲೆ ವಾಟರ್ಸನ ಕಣ್ಣಲ್ಲಿ ನೀರು ಬಂತಂತೆ. ಆಲ್ಬಮ್ಮಿನ ಹೆಸರಿಗೆ ಕನ್ನಡದಲ್ಲಿ 'ನೀನಿಲ್ಲಿ ಇರಬೇಕಿತ್ತು' ಎನ್ನಬೇಕು. ಇದನ್ನು ಆ ಹುಡುಗನ ಕೈಗೆ ಹೇಗೆ ಕೊಡಲಿ?

ಉಳಿದದ್ದು 1979ರ 'ದಿ ವಾಲ್', ಎರಡು ಕ್ಯಾಸೆಟ್ಟಿನದು. ವಾಟರ್ಸನ ತಂದೆ ಎರಡನೆಯ ಮಹಾಯುದ್ಧದಲ್ಲಿ, 1944ರ ಫೆಬ್ರವರಿಯಲ್ಲಿ, ಇಟಲಿಯ ಆಂಜಿಯೊ ಎಂಬಲ್ಲಿ ಸತ್ತ. ಮಗು ರೋಜರನಿಗೆ ಆಗ ಐದು ತಿಂಗಳು. ನೋಡದ ತಂದೆಯನ್ನು ಆತ ಬದುಕಿಡೀ ಹುಡುಕಿದ. ಅವನು ಕಟ್ಟಿದ ಆ ಗೋಡೆಯ ಮೊದಲ ಇಟ್ಟಿಗೆಯೇ ಬಾರದ ಅಪ್ಪ. ನಾನು ಎದ್ದು ದೀಪ ಹಾಕಿದೆ. ಹೇಳಲು ನಾಚಿಕೆಯಾಗುತ್ತದೆ, ಆ ಎರಡು ಕ್ಯಾಸೆಟ್ಟನ್ನು ಡಬ್ಬಿಯಿಂದ ತೆಗೆದು ನನ್ನ ಕಪಾಟಿನಲ್ಲಿ ಪಂಚೆಗಳ ಕೆಳಗಿಟ್ಟೆ.

ಬೆಳಿಗ್ಗೆ ಕಾಫಿ ಕುಡಿಯುತ್ತ "'ಡಾರ್ಕ್ ಸೈಡ್' ಕೇಳು" ಎಂದೆ. ಬುದ್ಧಿವಂತರ ಉತ್ತರ ಅದು. ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಅಮೆರಿಕದ ಪಟ್ಟಿಯಲ್ಲಿ ಏಳುನೂರು ವಾರಕ್ಕೂ ಹೆಚ್ಚು ಕಾಲ ಕೂತಿದ್ದ ಆಲ್ಬಂ. ಹಾಡುಗಳು ಒಂದಕ್ಕೊಂದು ಕೈಹಿಡಿದು ಹೋಗುತ್ತವೆ, ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಸಾವಿನ ವಿಚಾರವೂ ಇದೆ ಎನ್ನಿ. ಆದರೆ ಅಲ್ಲಿ ಕ್ಲೇರ್ ಟೋರಿ ಎಂಬಾಕೆ ಒಂದು ಪದವನ್ನೂ ಹಾಡದೆ ಬರೀ ಕಂಠದಲ್ಲಿ ಕೂಗಿ, ಅತ್ತು, ಸಮಾಧಾನವಾಗುತ್ತಾಳೆ. ಪದವಿಲ್ಲದ್ದು ಅಪಾಯವಿಲ್ಲ ಎಂಬುದು ನನ್ನ ಲೆಕ್ಕ.

ಹುಡುಗ ತಲೆಯಾಡಿಸಿದ. ಸಂಜೆ "ಚೆನ್ನಾಗಿದೆ ದೊಡ್ಡಪ್ಪ" ಎಂದ. ನಾವು ಬೇರೆಯವರ ಮನೆಯ ಪಾಯಸಕ್ಕೆ ಹೇಳುವ ಚೆನ್ನಾಗಿದೆ ಅದು.

ಮಾರನೆಯ ದಿನ ಮಧ್ಯಾಹ್ನ ಮಳೆ ಜೋರಾಗಿತ್ತು. ಜಗಲಿಯಿಂದ ಒಂದು ಸದ್ದು ಕೇಳಿತು. ನೀರಿಗೆ ಹನಿ ಬಿದ್ದ ಹಾಗೆ, ಪಿಯಾನೋದ ಒಂದೇ ಒಂದು ಸ್ವರ. ಸ್ವಲ್ಪ ತಡೆದು ಮತ್ತೆ ಅದೇ ಸ್ವರ. ನನಗೆ ಗುರುತು ಹತ್ತಿತು. 1971ರ 'ಮೆಡ್ಲ್', ನೀರಿನ ಅಲೆಗಳೊಳಗೆ ಒಂದು ಕಿವಿಯ ಚಿತ್ರವಿರುವ, ಕಿವಿಯೆಂದು ಯಾರಿಗೂ ಗೊತ್ತಾಗದ ಮುಖಪುಟದ್ದು. ಅದರ ಎರಡನೆಯ ಮಗ್ಗುಲು ಪೂರ್ತಿ 'ಎಕೋಸ್' ಎಂಬ ಒಂದೇ ಹಾಡು, ಇಪ್ಪತ್ತಮೂರು ನಿಮಿಷ. ರಾತ್ರಿಯ ನನ್ನ ತೂಗಾಟದಲ್ಲಿ ಅದರ ನೆನಪೇ ನನಗೆ ಬಂದಿರಲಿಲ್ಲ. ಬರಲಿಲ್ಲವೋ, ನಾನೇ ಬರಗೊಡಲಿಲ್ಲವೋ.

"ಇದನ್ನ ಯಾಕೆ ಹಾಕ್ದೆ?" ಎಂದೆ.

"ಅಪ್ಪ ಜಾಸ್ತಿ ಕೇಳಿದ್ದು ಇದೇ ಅಲ್ವಾ?" ಎಂದ ಹುಡುಗ. ಕ್ಯಾಸೆಟ್ಟು ಹೊರಗೆ ತೆಗೆದು ತೋರಿಸಿದ. ಉಳಿದ ಹತ್ತರ ಮೇಲಿನ ಅಕ್ಷರಗಳು ಓದುವಂತಿದ್ದವು. ಇದರಲ್ಲಿ ಬೆರಳು ತಾಗಿ ತಾಗಿ ಎಲ್ಲ ಅಳಿಸಿಹೋಗಿ ಪ್ಲಾಸ್ಟಿಕ್ಕು ಮಿರುಗುತ್ತಿತ್ತು. "ಹಾಡೆಲ್ಲ ಫೋನಲ್ಲೇ ಇದೆ. ಅಪ್ಪ ಯಾವುದು ಕೇಳ್ತಿದ್ರು ಅನ್ನೋದು ಫೋನಲ್ಲಿಲ್ಲ. ಅದಕ್ಕೇ ನಿಮ್ಮನ್ನ ಕೇಳಿದ್ದು."

ನಾನು ಮೂವತ್ತು ವರ್ಷ ಮೇಷ್ಟ್ರಾಗಿದ್ದವನು. ಪ್ರಶ್ನೆಯನ್ನು ಸರಿಯಾಗಿ ಓದಿಕೊಂಡು ಉತ್ತರ ಬರೆಯಿರಿ ಎಂದು ಎಷ್ಟು ಹುಡುಗರಿಗೆ ಹೇಳಿದ್ದೇನೋ.

"ಇನ್ನೊಂದು ವಿಷ್ಯ ದೊಡ್ಡಪ್ಪ" ಎಂದು ಮುಂದುವರಿಸಿದ. "ನಡುವೆ ಬರೀ ಗಾಳಿ, ಹಕ್ಕಿ ಕೂಗೋ ಥರ ಸದ್ದು ಬರುತ್ತಲ್ಲ, ಅದು ಮುಗಿದು ಮತ್ತೆ ಹನಿ ಬೀಳೋ ಕಡೆ ಇದು ಎಗರುತ್ತೆ. ಫೋನಲ್ಲಿ ಹಾಕಿ ಎಣಿಸಿದೆ. ಅಪ್ಪಂದ್ರಲ್ಲಿ ಒಂದು ಹನಿ ಕಮ್ಮಿ."

ಆ ಒಂದು ಹನಿಯ ವಿಚಾರ ಬಲ್ಲವನು ನಾನೊಬ್ಬನೇ. ತಮ್ಮ ಬೆಂಗಳೂರಿನಲ್ಲಿದ್ದಾಗ ಅವನನ್ನು ಕೇಳದೆ ಕ್ಯಾಸೆಟ್ಟು ತೆಗೆದು ಹಾಕಿಕೊಂಡಿದ್ದೆ. ಟೇಪು ಯಂತ್ರದೊಳಗೆ ಸುತ್ತಿಕೊಂಡಿತು. ಗಾಬರಿಯಲ್ಲಿ ಎಳೆದೆ, ಹರಿಯಿತು. ಸುಕ್ಕಾದ ತುಂಡನ್ನು ಕತ್ತರಿಸಿ ಎಸೆದು, ಎರಡು ತುದಿಗೂ ಸೆಲ್ಲೋಟೇಪು ಅಂಟಿಸಿ, ಪೆನ್ಸಿಲು ತೂರಿಸಿ ಸುತ್ತಿ, ಇದ್ದ ಜಾಗದಲ್ಲೇ ಇಟ್ಟೆ. ಯಾರಿಗೂ ಹೇಳಲಿಲ್ಲ. ದೀಪಾವಳಿಗೆ ಬಂದ ತಮ್ಮ ಅದನ್ನೇ ಹಾಕಿದ. ಆ ಜಾಗ ಬಂದಾಗ ತಲೆಯೆತ್ತಿ ನನ್ನನ್ನು ನೋಡಿದ. ಏನೂ ಹೇಳಲಿಲ್ಲ. ಆಮೇಲೆ ಅವನಿಗೆ ಕೆಲಸ ಸಿಕ್ಕಿತು, ಕೈಯಲ್ಲಿ ಕಾಸಾಡಿತು. 2002ರಲ್ಲಿ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹಾಡಿದಾಗ ಹೋಗಿ ಕೇಳಿ ಬಂದ. ಆ ಟಿಕೆಟ್ಟಿನ ಹರಿದ ಅರ್ಧ ಇದೇ ಡಬ್ಬಿಯಲ್ಲಿದೆ. ಹತ್ತು 'ಮೆಡ್ಲ್' ಕೊಳ್ಳಬಹುದಿತ್ತು. ಕೊಳ್ಳಲಿಲ್ಲ. ಒಂದು ಹನಿ ಕಮ್ಮಿಯಾದದ್ದನ್ನೇ ಅಕ್ಷರ ಅಳಿಯುವ ತನಕ ಕೇಳಿದ.

ಹುಡುಗನಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿದ ಮೇಲೆ ಜೋರಾಗಿ ನಕ್ಕ. ನಗುವಾಗ ಅವನಪ್ಪನ ಹಾಗೆಯೇ ಕಣ್ಣು ಮುಚ್ಚಿಕೊಳ್ಳುತ್ತಾನೆ. ಹೇಳಿದ ಮೇಲೆ ಪೂರ್ತಿಯೇ ಹೇಳೋಣವೆಂದು ಪಂಚೆಗಳ ಕೆಳಗಿನ 'ದಿ ವಾಲ್' ತಂದು ಮುಂದಿಟ್ಟೆ. "ಇದು ನಿಧಾನಕ್ಕೆ ಕೇಳು, ಅವಸರ ಇಲ್ಲ."

"ಅದನ್ನ ಹೈಸ್ಕೂಲಲ್ಲೇ ಕೇಳಿದೀನಿ ದೊಡ್ಡಪ್ಪ. ಬಸ್ಸಲ್ಲಿ" ಎಂದ. "ಅಪ್ಪನ ಹಾಡು ಚೆನ್ನಾಗಿದೆ."

ಈಗ ಯಾರಾದರೂ ಪಿಂಕ್ ಫ್ಲಾಯ್ಡನ್ನು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ ಈಗಲೂ 'ಡಾರ್ಕ್ ಸೈಡ್' ಎಂದೇ ಹೇಳುತ್ತೇನೆ. ಮೊದಲ ಆಲ್ಬಮ್ಮಿನಿಂದ ಬೇಡ ಎಂದೂ ಹೇಳುತ್ತೇನೆ. ಆದರೆ ಅದಕ್ಕೆ ಮುಂಚೆ, ಮನೆಯಲ್ಲಿ ಹಳೆಯ ಕ್ಯಾಸೆಟ್ಟೇನಾದರೂ ಇದೆಯೇ, ಯಾರು ಕೇಳುತ್ತಿದ್ದರು ಎಂದು ವಿಚಾರಿಸಿಕೊಳ್ಳುತ್ತೇನೆ.

ರಜೆ ಮುಗಿಸಿ ಹೊರಟಾಗ ಹುಡುಗ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ. ಟೇಪ್ ರೆಕಾರ್ಡರನ್ನೂ ಕೇಳಿದ, ಕೊಟ್ಟೆ. ಅದರ ಬೆಲ್ಟು ಸಡಿಲವಾಗಿದೆ, ಕ್ಯಾಸೆಟ್ಟು ಹಾಕುವ ಮುಂಚೆ ಪೆನ್ಸಿಲಿನಿಂದ ಒಂದು ಸುತ್ತು ಬಿಗಿ ಮಾಡಿಕೋ, ಸಿಕ್ಕಿಕೊಂಡರೆ ಮಾತ್ರ ಎಳೆಯಬೇಡ ಎಂದು ಬಸ್ಸು ಹೊರಡುವ ತನಕ ಹೇಳುತ್ತಲೇ ಇದ್ದೆ.