ಕಿಟಕಿಯ ಬಣ್ಣವೂ ಪೊಲೀಸ್ ಸ್ಟೇಷನ್ನೂ

ಅಡಿಲೇಡಿಗೆ ಹೊಸದಾಗಿ ಬಂದಿಳಿದ ಕನ್ನಡ ಸಂಸಾರಕ್ಕೆ ನಮ್ಮ ಕೂಟದಲ್ಲಿ ಸಿಗುವ ಮೊದಲ ಉಪದೇಶ ಮನೆಯ ವಿಷಯದ್ದು. "ಬಾಡಿಗೆ ಕಮ್ಮಿ ಅಂತ ಎಲಿಜಬೆತ್ ಕಡೆ ಮಾತ್ರ ಹೋಗಬೇಡಿ, ಅಲ್ಲಿ ಕಳ್ಳಕಾಕರ ಕಾಟ" ಎಂದು ಯಾರಾದರೊಬ್ಬರು ಹೇಳಿಯೇ ತೀರುತ್ತಾರೆ. ಬಿಸಿಬೇಳೆ ಭಾತಿನ ತಟ್ಟೆ ಹಿಡಿದು ನಿಂತ ಉಳಿದವರು ತಲೆಯಾಡಿಸುತ್ತಾರೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಆ ಊರನ್ನು ಕಾರಿನೊಳಗಿಂದ ನೋಡಿದವರು. 1955ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಹೌಸಿಂಗ್ ಟ್ರಸ್ಟ್ ದುಡಿಯುವ ಜನರಿಗೆಂದು ಕಟ್ಟಿದ ಊರು ಅದು. ಅಲ್ಲಿನ ಹೋಲ್ಡನ್ ಕಾರಿನ ಕಾರ್ಖಾನೆ 2017ರ ಅಕ್ಟೋಬರಿನಲ್ಲಿ ಮುಚ್ಚಿತು. ಊರಿಗೆ ಊರೇ ನಂಬಿದ್ದ ಕೆಲಸ ಹೋದರೆ ಏನಾಗುತ್ತದೆಂಬುದನ್ನು, 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ್ದನ್ನು ಕಂಡ ನಮ್ಮವರಿಗೆ ವಿವರಿಸಬೇಕಾಗಿಲ್ಲ.

ಬಡವರ ಕೇರಿಗಳಲ್ಲಿ ಅಪರಾಧ ಕಡಿಮೆ ಮಾಡುವುದು ಹೇಗೆ? ಪೊಲೀಸರನ್ನು ಹೆಚ್ಚಿಸಿ ಎನ್ನುವವರುಂಟು, ಉದ್ಯೋಗ ಕೊಡಿ ಎನ್ನುವವರುಂಟು. ಎರಡರಲ್ಲೂ ಹುರುಳಿದೆ. ನಾನು ರಸಾಯನಶಾಸ್ತ್ರ ಓದಿದವಳು, ಸಮಾಜಶಾಸ್ತ್ರ ನನ್ನ ಹೊಲವಲ್ಲ. ಆದರೆ ಈ ಪ್ರಶ್ನೆಯ ಒಂದು ತುಂಡು ನನ್ನ ಲ್ಯಾಬಿನ ಮೇಜಿಗೇ ಬಂದು ಕೂತದ್ದರಿಂದ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ. ಅದು ಸೀಸದ ವಿಷಯ. (ನಾವು ಚಿಕ್ಕಂದಿನಲ್ಲಿ ಕಚ್ಚಿದ ಸೀಸದ ಕಡ್ಡಿಯಲ್ಲಿ ಸೀಸವಿರಲಿಲ್ಲ, ಅದು ಗ್ರಾಫೈಟ್. ಆ ಬಗ್ಗೆ ಯಾರೂ ಗಾಬರಿಯಾಗುವುದು ಬೇಡ.)

ಪ್ರಾಸ್ಪೆಕ್ಟ್‌ನಲ್ಲಿ ನಾವು ಕೊಂಡ ಮನೆ 1920ರ ಸುಮಾರಿನದು. ಕಲ್ಲಿನ ಗೋಡೆ, ಮುಂದೆ ಜಗಲಿ, ಮೇಲಕ್ಕೆಳೆದು ತೆರೆಯುವ ಮರದ ಕಿಟಕಿಗಳು. ಮಗಳಿಗೆ ಹದಿನಾಲ್ಕು ತಿಂಗಳು. ಕಿಟಕಿಯ ಕಟ್ಟೆ ಹಿಡಿದು ನಿಲ್ಲುವುದನ್ನು ಕಲಿತಿದ್ದಾಳೆ, ನಿಂತ ಮೇಲೆ ಅದಕ್ಕೆ ಬಾಯಿ ಹಾಕುವುದನ್ನೂ. ಮೈಸೂರಿನಿಂದ ಬಂದಿದ್ದ ನಮ್ಮ ಮಾವನವರಿಗೆ ಸುಮ್ಮನೆ ಕೂರುವ ಅಭ್ಯಾಸವಿಲ್ಲ. ಬಂದ ಮೂರನೆಯ ದಿನ ಕಿಟಕಿಯ ಬಣ್ಣ ಹಕ್ಕಳೆಯೇಳುತ್ತಿರುವುದನ್ನು ಕಂಡು, "ಉಪ್ಪುಕಾಗದ ತಂದುಕೊಡಮ್ಮ, ಎರಡು ದಿನದಲ್ಲಿ ಉಜ್ಜಿ ಹೊಸ ಬಣ್ಣ ಬಳಿದುಬಿಡ್ತೀನಿ" ಎಂದರು. ಎರಡು ದಿನ ತಡೆಯಿರಿ ಮಾವ ಎಂದು ಹೇಳಿ, ಒಂದು ಚೂರನ್ನು ಲ್ಯಾಬಿಗೆ ಒಯ್ದು ಎಕ್ಸ್-ರೇ ಉಪಕರಣದ ಕೆಳಗಿಟ್ಟೆ. ಮೇಲಿನ ಎರಡು ಪದರ ನಿರಪಾಯ. ಅಡಿಯ ಹಳೆಯ ಬಿಳಿ ಬಣ್ಣದಲ್ಲಿ ತೂಕದ ನೂರಕ್ಕೆ ಹತ್ತು ಪಾಲಿಗೂ ಮಿಕ್ಕಿ ಸೀಸ. ಒಣಗಿದ್ದನ್ನು ಉಜ್ಜಿದ್ದರೆ ಅದು ಮನೆಯೆಲ್ಲ ನುಣ್ಣನೆಯ ಧೂಳಾಗಿ ಹರಡುತ್ತಿತ್ತು. ಮಗಳ ರಕ್ತ ಪರೀಕ್ಷೆಗೆ ಕೊಟ್ಟೆವು. ಫಲಿತಾಂಶಕ್ಕೆ ಕಾದ ನಾಲ್ಕು ದಿನ ರಾತ್ರಿ ನಿದ್ದೆ ಬಾರದೆ, ಓದಿದ್ದನ್ನೇ ಮತ್ತೆ ಓದಿದೆ.

ಈ ವಿಷಯದ ಮೊದಲ ಪಾಠ ಜಗತ್ತಿಗೆ ಬಂದದ್ದು ನಮ್ಮ ಬ್ರಿಸ್ಬೇನಿನಿಂದಲೇ. 1890ರ ದಶಕದಲ್ಲಿ ಅಲ್ಲಿನ ಮಕ್ಕಳ ಆಸ್ಪತ್ರೆಯ ವೈದ್ಯರಾದ ಜೆಫೆರಿಸ್ ಟರ್ನರ್ ಮತ್ತು ಲಾಕ್‌ಹಾರ್ಟ್ ಗಿಬ್ಸನ್ ಮಕ್ಕಳಲ್ಲಿ ಸೀಸದ ವಿಷವನ್ನು ಗುರುತಿಸಿದರು. ಅದು ಎಲ್ಲಿಂದ ಬರುತ್ತದೆಂಬುದು ಮಾತ್ರ ತಿಳಿದಿರಲಿಲ್ಲ. 1904ರಲ್ಲಿ ಗಿಬ್ಸನ್ ಬೆರಳು ತೋರಿಸಿದ್ದು ಜಗಲಿಯ ಕಟಕಟೆಯ ಕಡೆಗೆ. ಬಿಸಿಲಿಗೆ ಪುಡಿಯಾದ ಬಣ್ಣ ಮಗುವಿನ ಕೈಗೆ ಅಂಟುತ್ತದೆ, ಕೈ ಬಾಯಿಗೆ ಹೋಗುತ್ತದೆ. ಇಷ್ಟು ಸರಳ. ಆದರೂ ಮಕ್ಕಳ ಕೈಗೆಟುಕುವ ಕಡೆ ಸೀಸದ ಬಣ್ಣ ಬಳಿಯಕೂಡದೆಂದು ಕ್ವೀನ್ಸ್‌ಲ್ಯಾಂಡ್ ಕಾನೂನು ಮಾಡಿದ್ದು 1922ರಲ್ಲಿ. ಹದಿನೆಂಟು ವರ್ಷವೆಂದರೆ ಒಂದು ಮಗು ಬೆಳೆದು ವಯಸ್ಕನಾಗುವಷ್ಟು ಕಾಲ!

ಎರಡನೆಯ ಪಾಠ ನಮ್ಮ ರಾಜ್ಯದ್ದು. ಇಲ್ಲಿಂದ ಉತ್ತರಕ್ಕೆ ಸುಮಾರು 220 ಕಿಲೋಮೀಟರ್ ದೂರದ ಪೋರ್ಟ್ ಪಿರಿಯಲ್ಲಿ 1889ರಿಂದ ಸೀಸ ಕರಗಿಸುವ ಕುಲುಮೆಗಳಿವೆ. 1979ರಿಂದ ಮೂರು ವರ್ಷಗಳಲ್ಲಿ ಅಲ್ಲಿ ಹುಟ್ಟಿದ ಏಳುನೂರಕ್ಕೂ ಹೆಚ್ಚು ಮಕ್ಕಳನ್ನು ಟೋನಿ ಮೆಕ್‌ಮೈಕಲ್, ಪೀಟರ್ ಬ್ಯಾಗ್‌ಹರ್ಸ್ಟ್ ಮೊದಲಾದವರು ತಾಯಿಯ ಗರ್ಭದಿಂದಲೇ ಹಿಂಬಾಲಿಸಿದರು. ರಕ್ತದಲ್ಲಿ ಸೀಸ ಹೆಚ್ಚಿದ್ದಷ್ಟೂ ನಾಲ್ಕನೆಯ ವಯಸ್ಸಿನಲ್ಲೂ ಏಳನೆಯ ವಯಸ್ಸಿನಲ್ಲೂ ಬುದ್ಧಿಶಕ್ತಿಯ ಅಂಕ ಕಡಿಮೆ ಎಂದು ಕಂಡುಬಂತು. 1984ರಲ್ಲಿ ಆ ಊರಿನ ಮನೆಗಳನ್ನು ಶುದ್ಧಿಮಾಡುವ ಕಾರ್ಯಕ್ರಮ ಶುರುವಾಯಿತು.

ಬುದ್ಧಿಗೂ ಅಪರಾಧಕ್ಕೂ ಏನು ನಂಟು ಎಂದು ಕೇಳುವಿರಿ. ಸೀಸ ಕ್ಯಾಲ್ಸಿಯಮ್ಮಿನ ವೇಷ ಹಾಕಿಕೊಂಡು ದೇಹದೊಳಗೆ ನುಗ್ಗುತ್ತದೆ. ನಾವು ನೀವು ನುಂಗಿದರೆ ಹತ್ತರಲ್ಲೊಂದು ಪಾಲು ರಕ್ತಕ್ಕೆ ಹೋಗಬಹುದು, ಎಳೆಯ ಮಗುವಿನಲ್ಲಿ ಅರ್ಧದಷ್ಟು ಹೋಗಬಹುದು. ಹಸಿದ ಮಗು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಸಾಲದ ಮಗು ಇನ್ನೂ ಹೆಚ್ಚು ಹೀರುತ್ತದೆ. ಬಡತನ ಇಲ್ಲಿ ಎರಡು ಬಾಗಿಲಿನಿಂದ ಒಳಗೆ ಬರುತ್ತದೆ, ಉದುರುವ ಗೋಡೆಯಿಂದ ಮತ್ತು ಬರಿದಾದ ತಟ್ಟೆಯಿಂದ. ಮಿದುಳಿನಲ್ಲಿ ಪೆಟ್ಟು ಬೀಳುವ ಜಾಗಗಳಲ್ಲಿ ಒಂದು ಹಣೆಯ ಹಿಂದಿನ ಭಾಗ. ಕೋಪ ಬಂದಾಗ "ತಾಳು" ಎನ್ನುವ ಭಾಗ ಅದು. ಅಮೆರಿಕದ ಸಿನ್ಸಿನಾಟಿಯ ಬಡ ಕೇರಿಗಳಲ್ಲಿ 1979ರಿಂದ 1984ರವರೆಗೆ ಹುಟ್ಟಿದ 250 ಮಂದಿಯನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಬಾಲ್ಯದಲ್ಲಿ ರಕ್ತದ ಸೀಸ ಹೆಚ್ಚಿದ್ದವರು ಬೆಳೆದ ಮೇಲೆ ಹೊಡೆದಾಟದಂಥ ಅಪರಾಧಗಳಿಗಾಗಿ ಹೆಚ್ಚು ಸಲ ಬಂಧನಕ್ಕೊಳಗಾದರು.

ಇಲ್ಲಿ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಬೇಕು. ಪೆಟ್ರೋಲಿನಿಂದ ಸೀಸ ತೆಗೆದದ್ದೇ ಜಗತ್ತಿನ ಅಪರಾಧ ಇಳಿಯಲು ಕಾರಣವೆಂದು ಸಾರುವವರಿದ್ದಾರೆ. ನ್ಯೂಜಿಲೆಂಡಿನ ಡನೀಡನ್ನಿನಲ್ಲಿ ಬಡವ ಬಲ್ಲಿದರೆನ್ನದೆ ಎಲ್ಲರ ಮಕ್ಕಳಿಗೂ ಪೆಟ್ರೋಲಿನ ಸೀಸ ಒಂದೇ ಸಮ ತಗುಲಿತ್ತು. 2018ರಲ್ಲಿ ಬಂದ ಅಲ್ಲಿನ ವರದಿಯಲ್ಲಿ ಸೀಸಕ್ಕೂ ಅಪರಾಧಕ್ಕೂ ಇದ್ದ ನಂಟು ತೀರ ದುರ್ಬಲ. ಸಿನ್ಸಿನಾಟಿಯಲ್ಲಿ ಕಂಡದ್ದರಲ್ಲಿ ಬಡತನದ ಪಾಲೆಷ್ಟು ಎಂದು ಆಮೇಲೆ ಕೇಳದೆ ಇರಲಾಗುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2022ರ ಪ್ರಬಂಧ, ಅಮೆರಿಕದಲ್ಲಿ ಕೊಲೆಗಳು ಇಳಿದದ್ದರಲ್ಲಿ ಸೀಸದ ಪಾಲು ನೂರಕ್ಕೆ 7ರಿಂದ 28ರೊಳಗೆ ಎನ್ನುತ್ತದೆ. ನನಗೆ ಇದೇ ನಂಬಲು ಯೋಗ್ಯವಾಗಿ ಕಾಣುತ್ತದೆ. ಏಳೇ ಇರಲಿ, ಅದು ಲಾಠಿಯಿಲ್ಲದೆ, ಜೈಲಿಲ್ಲದೆ ಬಂದ ಏಳು.

ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ನಾರ್ತ್ ಕ್ಯಾರೊಲೈನಾದ ಷಾರ್ಲಟ್ ನಗರದ ಅಧ್ಯಯನ. ಅಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ 10 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಎರಡು ಸಲ ಕಂಡ ಮಕ್ಕಳ ಮನೆಗೆ ಸಹಾಯ ಬರುತ್ತಿತ್ತು: ಮನೆಯ ತಪಾಸಣೆ, ಆಹಾರದ ಸಲಹೆ, ವೈದ್ಯರ ಭೇಟಿ. ಎರಡನೆಯ ಪರೀಕ್ಷೆಯಲ್ಲಿ ಕೂದಲೆಳೆಯಷ್ಟು ಕೆಳಗಿಳಿದವರಿಗೆ ಆ ಸಹಾಯವಿಲ್ಲ. ಬಿಲಿಂಗ್ಸ್ ಮತ್ತು ಷ್ನೆಪೆಲ್ ಎಂಬ ಅರ್ಥಶಾಸ್ತ್ರಜ್ಞರು ಈ ಎರಡು ಗುಂಪುಗಳನ್ನು ಹೋಲಿಸಿ 2018ರಲ್ಲಿ ಪ್ರಕಟಿಸಿದರು. ಸಹಾಯ ಸಿಕ್ಕ ಮಕ್ಕಳಲ್ಲಿ ಶಾಲೆಯ ಪುಂಡಾಟವೂ ಮುಂದಿನ ಅಪರಾಧವೂ ಕಡಿಮೆ. ಅಂದರೆ ವಿಷ ಒಳಗೆ ಹೋದ ಮೇಲೂ ಆ ಮಗುವಿನ ಕಥೆ ಮುಗಿದಿರುವುದಿಲ್ಲ. "ಸೀಸದ ಮಕ್ಕಳು" ಎಂದು ಹೊಸ ಹಣೆಪಟ್ಟಿ ಹಚ್ಚಲು ಹೊರಟವರು ಇದನ್ನು ಮೊದಲು ಓದಬೇಕು. ಬಡವರ ಹಣೆಯ ಮೇಲೆ ಪಟ್ಟಿಗಳು ಈಗಲೇ ಬೇಕಾದಷ್ಟಿವೆ.

ಇದನ್ನೆಲ್ಲ ರಾತ್ರಿ ಊಟದ ಹೊತ್ತಿಗೆ ಮಾವನವರಿಗೆ ಹೇಳಿದೆ. ಅವರು ಬೆಂಗಳೂರಿನಲ್ಲಿ ಸಬ್ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ನಕ್ಕುಬಿಟ್ಟರು. "ಅಲ್ಲಮ್ಮ, ಕಳ್ಳನ್ನ ಹಿಡಿಯೋಕೆ ಪೇಂಟರನ್ನ ಕರೀಬೇಕು ಅಂತೀಯಾ? ನಾನು ಕಂಡ ಕೇರಿಗಳಲ್ಲಿ ನೂರು ಹುಡುಗರಿದ್ರೆ ತೊಂಬತ್ತೈದು ಜನ ಗಾರೆ ಕೆಲಸವೋ ಆಟೋನೋ ಮಾಡ್ಕೊಂಡು ಮರ್ಯಾದೆಯಿಂದ ಬದುಕಿದಾರೆ. ಅವರೂ ಅದೇ ಗಾಳಿ ಕುಡಿದೋರು." ಮಾತು ಸರಿಯೇ. ನಾನೂ ಉಳಿದ ಐವರ ಲೆಕ್ಕವನ್ನೇ ಹೇಳುತ್ತಿದ್ದೇನೆ ಮಾವ, ಐದು ನಾಲ್ಕಾದರೆ ಸಾಲದೆ ಎಂದೆ. ಅವರು ಮಜ್ಜಿಗೆ ಕಲಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಠಾಣೆಯ ಸರಹದ್ದಿನ ಒಂದು ಗಲ್ಲಿಯ ವಿಷಯ ತೆಗೆದರು. ಅಲ್ಲಿ ಹಳೆಯ ಲಾರಿ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರಂತೆ, ಮನೆಗಳ ನಡುವೆಯೇ, ರಾತ್ರಿ ಹೊತ್ತು. ಜಗಳ ಬಿಡಿಸಲು ಆ ಗಲ್ಲಿಗೆ ಎಷ್ಟೋ ಸಲ ಹೋಗಿದ್ದಾರೆ. "ಹೊಗೆ ಬಗ್ಗೆ ಒಬ್ಬರೂ ಕಂಪ್ಲೇಂಟ್ ಕೊಟ್ಟಿರಲಿಲ್ಲ. ಕೊಟ್ಟಿದ್ರೂ ಯಾವ ಸೆಕ್ಷನ್ ಹಾಕಬೇಕು ಅಂತ ನಮಗೆ ಗೊತ್ತಿರಲಿಲ್ಲ."

ಅದೇ ಬೆಂಗಳೂರಿನಿಂದಲೇ ನಮ್ಮ ದೇಶಕ್ಕೆ ಎಚ್ಚರಿಕೆಯೂ ಬಂತೆಂಬುದು ನಮ್ಮವರಿಗೆ ಅಷ್ಟಾಗಿ ತಿಳಿದಿಲ್ಲ. ಜಾರ್ಜ್ ಫೌಂಡೇಶನ್ ತೊಂಬತ್ತರ ದಶಕದ ಕೊನೆಯಲ್ಲಿ ಏಳು ನಗರಗಳ ಮಕ್ಕಳ ರಕ್ತ ಪರೀಕ್ಷೆ ನಡೆಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ 10 ಮೈಕ್ರೋಗ್ರಾಂ ದಾಟಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಇದನ್ನೇ ವ್ರತವಾಗಿ ಹಿಡಿದವರು. 2000ದಲ್ಲಿ ಭಾರತದ ಪೆಟ್ರೋಲಿನಿಂದ ಸೀಸ ಹೋಯಿತು, ಆಸ್ಟ್ರೇಲಿಯಾಕ್ಕಿಂತ ಎರಡು ವರ್ಷ ಮೊದಲೇ! ಮನೆಯ ಬಣ್ಣಗಳಿಗೆ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಆದರೂ ಯುನಿಸೆಫ್ 2020ರಲ್ಲಿ ಲೆಕ್ಕ ಹಾಕಿದಾಗ ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಅಥವಾ ಹೆಚ್ಚಿತ್ತು. ಬ್ಯಾಟರಿ ಗಲ್ಲಿಗಳ ಬಗ್ಗೆ ಯಾವ ಪಕ್ಷವೂ ಪ್ರಣಾಳಿಕೆಯಲ್ಲಿ ಬರೆಯುವುದಿಲ್ಲ. ಇಂದು ಧೂಳು ತೊಳೆದರೆ ಫಲ ಕಾಣುವುದು ಇಪ್ಪತ್ತು ವರ್ಷದ ಮೇಲೆ, ಅಷ್ಟರಲ್ಲಿ ನಾಲ್ಕು ಚುನಾವಣೆ ಕಳೆದಿರುತ್ತವೆ.

ಮಗಳ ಫಲಿತಾಂಶ 3 ಮೈಕ್ರೋಗ್ರಾಂ ಎಂದು ಬಂತು. ಇಲ್ಲಿ 5 ದಾಟಿದರೆ ಮೂಲ ಹುಡುಕಬೇಕೆಂಬ ನಿಯಮ. ಇಷ್ಟಿದ್ದರೆ ಕ್ಷೇಮ ಎಂಬ ಮಟ್ಟ ಯಾವುದೂ ಇಲ್ಲವಾದರೂ ಆ ರಾತ್ರಿ ನಿದ್ದೆ ಬಂತು. ಸೀಸದ ಬಣ್ಣ ತೆಗೆಯಬಲ್ಲ ಪೇಂಟರ್ ಬಂದು ಕೊಟ್ಟ ಕೂಲಿಯ ಪಟ್ಟಿ ನೋಡಿ ನಮ್ಮ ಯಜಮಾನರು ಎರಡು ದಿನ ಮೌನವ್ರತ ಹಿಡಿದರು, ಆಮೇಲೆ ಸಹಿ ಹಾಕಿದರು. ಸಂಬಳದವರಿಗೆ ಇದು ಕಷ್ಟ, ಆದರೆ ಆಗುವ ಕಷ್ಟ.

ಪಕ್ಕದ ಮನೆ ನಮ್ಮದರಷ್ಟೇ ಹಳೆಯದು. ಅಲ್ಲಿ ಬಾಡಿಗೆಗಿರುವಾಕೆ ಎರಡು ವರ್ಷದ ಗಂಡುಮಗುವಿನ ತಾಯಿ, ರಾತ್ರಿ ಪಾಳಿಯಲ್ಲಿ ಆಫೀಸುಗಳನ್ನು ಗುಡಿಸಿ ಒರೆಸುವ ಕೆಲಸ. ಅವರ ಕಿಟಕಿಯ ಚೂರಿನಲ್ಲೂ ಅದೇ ಅಡಿಯ ಪದರ. ಮನೆಯ ಏಜೆಂಟನಿಗೆ ಕಾಗದ ಬರೆಯಲು ಆಕೆಗೆ ಅಳುಕು, ಬರೆದರೆ ಬಾಡಿಗೆ ಏರಿಸಿಯಾರು ಎಂದು. ಕೊನೆಗೆ ಬರೆದರು. ಅಲ್ಲಿಯವರೆಗೆ ಮಾಡಬಹುದಾದದ್ದು ಪೊರಕೆ ಬಿಟ್ಟು ಒದ್ದೆಬಟ್ಟೆಯಿಂದ ಒರೆಸುವುದು, ಮಗುವಿನ ಕೈ ಆಗಾಗ ತೊಳೆಯುವುದು, ಹೊಟ್ಟೆ ತುಂಬಿಸಿಡುವುದು. ರಾಗಿ ಹಿಟ್ಟಿನ ಒಂದು ಪೊಟ್ಟಣ ನಮ್ಮ ಮನೆಯಿಂದ ಅಲ್ಲಿಗೆ ಹೋಗಿದೆ. ಹಾಲು ಬೆಲ್ಲ ಹಾಕಿ ಮಾಡಿದ ರಾಗಿ ಸರಿ ಆ ಹುಡುಗನಿಗೆ ಹಿಡಿಸಿತಂತೆ. ಮಾವನವರು ಮೈಸೂರಿಗೆ ಹೊರಡುವ ಮುನ್ನಾದಿನ ಆ ಮನೆಯ ಮೂರು ಕಿಟಕಿಯ ಕಟ್ಟೆಗಳನ್ನೂ ಒದ್ದೆಬಟ್ಟೆಯಿಂದ ಒರೆಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಟೇಪು ಅಂಟಿಸಿ ಬಂದರು. ಏಜೆಂಟನ ಉತ್ತರ ಇನ್ನೂ ಬಂದಿಲ್ಲ.