ಸೀಲಿಂಗಿನಿಂದ ನೀಲಿ ಹನಿ

ಭಾನುವಾರ ಬೆಳಿಗ್ಗೆ ಏಳು ಗಂಟೆ. ಮೊದಲ ಮಹಡಿಯ ಬಾತ್‌ರೂಮಿನಲ್ಲಿ ನಾಲ್ಕು ಜನ ಕತ್ತೆತ್ತಿ ನಿಂತಿದ್ದೇವೆ: ನಾನು, ಪ್ಲಂಬರ್, ಬಾಡಿಗೆಗಿರುವ ಮೇಷ್ಟ್ರು, ಅವರ ಹೆಂಡತಿ. ಸೀಲಿಂಗಿನ ಮೂಲೆಯಲ್ಲಿ ಊಟದ ತಟ್ಟೆಯಗಲ ಕಂದು ಕಲೆ. ನಡುವೆ ಪೇಂಟು ಉಬ್ಬಿದೆ. ಉಬ್ಬಿನ ತುದಿಯಲ್ಲೊಂದು ಹನಿ ತುಂಬಿಕೊಳ್ಳುತ್ತದೆ, ಜೋತಾಡುತ್ತದೆ, ಕೆಳಗಿಟ್ಟ ಬಕೆಟ್ಟಿಗೆ ಟಪ್ಪೆಂದು ಬೀಳುತ್ತದೆ.

“ರಾತ್ರಿಯೆಲ್ಲಾ ಹೀಗೇ ಸರ್” ಅನ್ನುತ್ತಾರೆ ಮೇಷ್ಟ್ರು.

“ರಾತ್ರಿಯೆಲ್ಲಾ ಎಲ್ಲಿ? ಹನ್ನೊಂದಕ್ಕೆ ನಿಂತಿತ್ತಲ್ಲ” ಎಂದು ಹೆಂಡತಿ ತಿದ್ದುತ್ತಾರೆ.

ಪ್ಲಂಬರ್ ಸೀಲಿಂಗ್ ಬಿಟ್ಟು ಆಕೆಯತ್ತ ತಿರುಗುತ್ತಾನೆ. “ನಿಂತಿತ್ತಾ ಮೇಡಂ? ಮತ್ತೆ ಯಾವಾಗ ಶುರುವಾಯ್ತು?”

“ಬೆಳಿಗ್ಗೆ, ಮೇಲಿನವರು ಸ್ನಾನ ಮಾಡಿದ ಮೇಲೆ.”

ಅರ್ಧ ಕೆಲಸ ಅಲ್ಲೇ ಮುಗಿಯಿತು. ಟ್ಯಾಂಕಿನಿಂದ ನಲ್ಲಿಗೆ ಬರುವ ಪೈಪಿನಲ್ಲಿ ಹಗಲೂ ರಾತ್ರಿ ಒತ್ತಡ ಇರುತ್ತದೆ. ಅದು ಸೋರಿದರೆ ಯಾರು ಮಲಗಿದರೂ ನಿಲ್ಲುವುದಿಲ್ಲ. ಬಿಟ್ಟು ಬಿಟ್ಟು ಸೋರುವುದು ಬಳಸಿ ಬಿಟ್ಟ ನೀರು. ಹಾಗಿದ್ದೂ ಪ್ಲಂಬರ್ ಗೋಡೆ ಮುಟ್ಟುವುದಿಲ್ಲ. ನಾನು ಈತನನ್ನೇ ಕರೆಯುವುದು ಈ ಗುಣಕ್ಕೆ. ಸುತ್ತಿಗೆ ಹಿಡಿದೇ ಮೆಟ್ಟಿಲು ಹತ್ತುವವರು ಬೇಕಾದಷ್ಟು ಜನ ಇದ್ದಾರೆ. ಅವರ ಕೈಗೆ ಸಿಕ್ಕರೆ ಅರವತ್ತು ರೂಪಾಯಿಯ ಎಲ್ಬೋ ಬದಲಿಸಲು ಒಂದು ಗೋಡೆಯ ಟೈಲ್ಸ್ ಹೋಗುತ್ತದೆ, ಆಮೇಲೆ ಆ ಬಣ್ಣದ ಟೈಲು ಬೆಂಗಳೂರಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ರಿಪೇರಿಯಲ್ಲಿ ಪೈಪಿನ ಖರ್ಚು ಚಿಲ್ಲರೆ. ದುಡ್ಡು ಹೋಗುವುದು ಹುಡುಕಾಟಕ್ಕೆ, ಒಡೆದದ್ದನ್ನು ಮುಚ್ಚುವ ಗಾರೆಯವನಿಗೆ, ಅವನ ಹಿಂದೆ ಬರುವ ಪೇಂಟರಿಗೆ.

ಟೆರೇಸಿಗೆ ಹೋಗುತ್ತೇವೆ. ಮೂವತ್ತು–ನಲವತ್ತರ ಸೈಟು, ಕೆಳಗೆ ನಾವು, ಮೇಲೆ ಎರಡು ಬಾಡಿಗೆ ಮನೆ. ಟ್ಯಾಂಕಿನ ಬುಡದಿಂದ ಮೂರು ಪೈಪು, ಒಂದೊಂದಕ್ಕೂ ಹಿತ್ತಾಳೆಯ ಗೇಟ್ ವಾಲ್ವ್. ಯಾವುದು ಯಾವ ಮನೆಯದೆಂದು ಪೇಂಟಿನಲ್ಲಿ ಬರೆಸಿದ್ದು ಬಿಸಿಲಿಗೆ ಅಳಿಸಿಹೋಗಿದೆ. ಪ್ಲಂಬರ್ ಮೊದಲನೆಯದನ್ನು ತಿರುಗಿಸುತ್ತಾನೆ. ಚಕ್ರ ತಿರುಗುತ್ತದೆ, ನೀರು ನಿಲ್ಲುವುದಿಲ್ಲ. “ಸ್ಪಿಂಡಲ್ ತಿರುಗ್ತಿದೆ, ಒಳಗಿನ ಗೇಟು ಇಳೀತಿಲ್ಲ. ಉಪ್ಪು ಕಟ್ಟಿದೆ” ಅನ್ನುತ್ತಾನೆ. ವಾಲ್ವಿನ ಕತ್ತಿನ ಸುತ್ತ ಬಿಳಿ ಹಕ್ಕಳೆ. ಉಗುರಲ್ಲಿ ಕೆರೆದರೆ ಸುಣ್ಣದ ಪುಡಿ ಉದುರುತ್ತದೆ.

ಇದು ಬೋರ್‌ವೆಲ್ಲಿನ ಕೊಡುಗೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಪಂಪಾಗಿ ಬರುವ ಕಾವೇರಿ ನಮ್ಮ ಬೀದಿಗೆ ದಿನ ಬಿಟ್ಟು ದಿನ ಬರುತ್ತಾಳೆ. ಉಳಿದ ದಿನ ಬೋರ್ ನೀರು, ಅದೂ ಕೈಕೊಟ್ಟರೆ ಟ್ಯಾಂಕರ್. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತವೇ ಟ್ಯಾಂಕರಿಗೆ ದರ ನಿಗದಿ ಮಾಡಬೇಕಾಯಿತಲ್ಲ, ಆ ವರ್ಷ ಸಂಪಿನೊಳಕ್ಕೆ ಎಲ್ಲೆಲ್ಲಿಯ ನೀರು ಬಂದು ಬಿತ್ತೋ. ಗೀಸರಿನ ಕಾಯಿಲ್, ಶವರಿನ ತೂತು, ನಲ್ಲಿಯ ಜಾಲರಿ ಎಲ್ಲಕ್ಕೂ ಇದೇ ಬಿಳಿ ಪುಡಿ ಮೆತ್ತಿಕೊಂಡಿದೆ.

ವಾಲ್ವಿನ ಸಹವಾಸ ಬಿಟ್ಟು ಎರಡನೇ ಮಹಡಿಗೆ ಇಳಿಯುತ್ತೇವೆ. ಅಲ್ಲಿ ಮೂವರು ಹುಡುಗರು, ಸಾಫ್ಟ್‌ವೇರಿನವರು. ಒಬ್ಬ ಬಾಗಿಲು ತೆಗೆದು ಹಲ್ಲುಜ್ಜುತ್ತಲೇ ದಾರಿ ಬಿಡುತ್ತಾನೆ. ಬಾತ್‌ರೂಮು ನಾನೆಣಿಸಿದ್ದಕ್ಕಿಂತ ಚೊಕ್ಕಟವಾಗಿದೆ, ನೆಲ ಹೊಳೆಯುತ್ತಿದೆ. ಮೂಲೆಯ ನಾಣಿ ಟ್ರ್ಯಾಪಿನ ಮುರಿದ ಜಾಲರಿ ಕಿತ್ತು, ಪೈಪನ್ನು ನೇರ ತೂತಿಗೆ ಇಳಿಸಿ, ಪ್ಲಂಬರ್ ನೀರು ಬಿಡುತ್ತಾನೆ. ಐದು ನಿಮಿಷ, ಹತ್ತು ನಿಮಿಷ. ಕೆಳಗಿನಿಂದ ಮೇಷ್ಟ್ರ ಕೂಗು: “ಬೀಳ್ತಾ ಇಲ್ಲ!” ಅಂದರೆ ಕೊಳವೆ ಗಟ್ಟಿಯಿದೆ.

“ಬಟ್ಟೆಗೆ ಹಾಕೋ ನೀಲಿ ಇದ್ಯಾ?” ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಬಿಳಿ ಅಂಗಿಯ ಮೇಷ್ಟ್ರ ಮನೆಯಿಂದ ಪುಟ್ಟ ಸೀಸೆ ಮೇಲೆ ಬರುತ್ತದೆ. ಟ್ರ್ಯಾಪಿನ ಬಾಯಿಗೆ ಹಳೇ ಬನಿಯನ್ ತುರುಕಿ ಬಿಗಿಮಾಡಿ, ಬಕೆಟ್ ನೀರಿಗೆ ನಾಲ್ಕು ತೊಟ್ಟು ನೀಲಿ ಕದಡಿ, ಮೂಲೆಗೆ ಸುರಿಯುತ್ತಾನೆ. ನೀಲಿ ನೀರು ಎರಡು ಬೆರಳು ಎತ್ತರಕ್ಕೆ ನಿಲ್ಲುತ್ತದೆ. ನಾವೆಲ್ಲ ಕೆಳಗಿಳಿದು ಮತ್ತೆ ಕತ್ತೆತ್ತುತ್ತೇವೆ, ಈ ಸಲ ಹುಡುಗರೂ ಸೇರಿ. ಮೊದಲು ತಿಳಿ ಹನಿಗಳೇ ಬೀಳುತ್ತವೆ. ಆಮೇಲೆ ಬಿದ್ದದ್ದು ಬಕೆಟ್ಟಿನ ತಳದಲ್ಲಿ ನೀಲಿಯಾಗಿ ಹರಡಿಕೊಳ್ಳುತ್ತದೆ. ಮೇಷ್ಟ್ರು ಚಪ್ಪಾಳೆ ತಟ್ಟುವುದೊಂದು ಬಾಕಿ.

ಟೈಲಿಗೂ ಟ್ರ್ಯಾಪಿಗೂ ನಡುವಿನ ಸಂದಿಯೇ ಕಳ್ಳ. ಪ್ಲಂಬರ್ ಸ್ಕ್ರೂಡ್ರೈವರ್ ತುದಿ ಇಳಿಸುತ್ತಾನೆ. ಸಿಮೆಂಟ್ ಇರಬೇಕಾದ ಕಡೆ ಅರ್ಧ ಇಂಚು ಸಲೀಸಾಗಿ ಹೋಗುತ್ತದೆ. ಬಾಗಿಲ ಹಿಂದೆ ಇಣುಕಿ, ಅಲ್ಲಿಟ್ಟಿದ್ದ ಆಸಿಡ್ ಬಾಟಲಿಯನ್ನು ಎತ್ತಿ ಹಿಡಿಯುತ್ತಾನೆ. “ಇದೇ ತಿಂದಿರೋದು.”

“ವಾರಕ್ಕೊಮ್ಮೆ ಹಾಕ್ತೀವಿ ಅಂಕಲ್, ಬಿಳಿ ಕಲೆ ಹೋಗಲ್ಲ” ಅನ್ನುತ್ತಾನೆ ಬ್ರಷ್ಷಿನವನು. ಅದೂ ನಿಜವೇ. ಬೋರ್ ನೀರಿನ ಸುಣ್ಣ ಕರಗಿಸುವ ಆಸಿಡ್ಡಿಗೆ ಸಿಮೆಂಟೂ ಸುಣ್ಣವೇ.

ಹಾಗಾದರೆ ಬಿಲ್ಲು ಯಾರದು? ಮಾಲೀಕರ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದರೆ “ಅಡ್ವಾನ್ಸಲ್ಲಿ ಹಿಡ್ಕೊಳ್ಳಿ” ಅಂತ ಒಂದೇ ಉತ್ತರ ಬರುತ್ತದೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಅನುಸೂಚಿಯಲ್ಲಿ ಒಂದು ಪಟ್ಟಿಯಿದೆ: ಪೈಪು ಬದಲಿಸುವುದು, ಸುಣ್ಣಬಣ್ಣ, ವೈರಿಂಗ್ ಮಾಲೀಕನದು; ನಲ್ಲಿಯ ವಾಷರ್, ಚರಂಡಿ ಶುಚಿ, ಗೀಸರ್ ರಿಪೇರಿ, ಸ್ವಿಚ್ಚು ಬಾಡಿಗೆದಾರನದು. ಬಾಡಿಗೆದಾರ ಕೆಡಿಸಿದ್ದನ್ನು ಬಿಟ್ಟು ಕಟ್ಟಡದ ರಿಪೇರಿಯೂ ಮಾಲೀಕನ ತಲೆಗೇ. ಮಾದರಿ ಕಾಯ್ದೆ ತಾನಾಗಿ ಎಲ್ಲೂ ಜಾರಿಯಾಗುವುದಿಲ್ಲ, ರಾಜ್ಯಗಳು ಒಪ್ಪಿಕೊಳ್ಳಬೇಕು. ಆದರೂ ಕರಾರು ಬರೆಸುವಾಗ ಆ ಪಟ್ಟಿ ಎದುರಿಗಿಟ್ಟುಕೊಂಡರೆ ಮುಂದಿನ ಜಗಳ ಅರ್ಧ ತಪ್ಪುತ್ತದೆ. ನಮ್ಮ ಹನ್ನೊಂದು ತಿಂಗಳ ಕರಾರುಗಳಲ್ಲಿ ಗೋಡೆಗೆ ಮೊಳೆ ಹೊಡೆಯಬಾರದೆಂದು ಇರುತ್ತದೆ, ಸೋರಿದರೆ ಯಾರು ಎಂಬ ಮಾತೇ ಇರುವುದಿಲ್ಲ. ಇಲ್ಲಂತೂ ಕೆಡಿಸಿದ್ದು ಹುಡುಗರೋ, ನನ್ನ ಬೋರ್ ನೀರೋ? ಪ್ಲಂಬರ್ ಕೂಲಿ, ಸಾಮಾನು ನನ್ನದು, ಮುರಿದ ಜಾಲರಿ ಅವರದು ಅಂದೆ. ಮಾತು ಮುಗಿಯುವಷ್ಟರಲ್ಲಿ ಜಾಲರಿಯ 150 ರೂಪಾಯಿ ಫೋನಿಗೆ ಬಂತು.

ಪ್ಲಂಬರ್ ಸಂದಿಯನ್ನು ಕೆರೆದು, ಬ್ರಷ್ಷಿಂದ ಗುಡಿಸಿ, ಹೇರ್ ಡ್ರೈಯರ್ ಕೇಳಿ ಒಣಗಿಸುತ್ತಾನೆ. ಅದು ಮಾತ್ರ ಹುಡುಗರ ಹತ್ತಿರ ಇದೆ! ಒಡೆದ ಟೈಲಿನ ಚೂರಿನ ಮೇಲೆ ಎಪಾಕ್ಸಿಯ ಎರಡು ಭಾಗ ಕಲಸಿ, ಗಟ್ಟಿಯಾಗುವ ಮುಂಚೆ ಬೆರಳಲ್ಲಿ ಒತ್ತೊತ್ತಿ ತುಂಬುತ್ತಾನೆ. ನಾಳೆ ಇಷ್ಟು ಹೊತ್ತಿನವರೆಗೆ ಒಂದು ಹನಿ ನೀರೂ ಬೀಳಕೂಡದು. ಮೂವರೂ ನಮ್ಮನೆಯಲ್ಲೇ ಸ್ನಾನ ಮಾಡಲಿ ಅಂತ ನನ್ನಾಕೆ ಮೆಟ್ಟಿಲಿಂದಲೇ ತೀರ್ಪು ಕೊಡುತ್ತಾಳೆ. ಕಲೆಗೆ ಆಸಿಡ್ ಬೇಡ, ದಿನಸಿ ಅಂಗಡಿಯ ನಿಂಬೆ ಉಪ್ಪು ನೀರಲ್ಲಿ ಕದಡಿ ಹಚ್ಚಿ, ಹೆಚ್ಚು ಹೊತ್ತು ಬಿಡದೆ ತೊಳೆಯಿರಿ ಅನ್ನುವ ಬುದ್ಧಿವಾದವೂ ಜೊತೆಗೆ.

“ಪೇಂಟು ಯಾವಾಗ?” ಮೇಷ್ಟ್ರ ಹೆಂಡತಿ ಕೇಳುತ್ತಾರೆ. ತಿಂಗಳಾದರೂ ಸೀಲಿಂಗ್ ಒಣಗಬೇಕು, ಹಸಿಯ ಮೇಲೆ ಬಳಿದರೆ ಮತ್ತೆ ಉಬ್ಬುತ್ತದೆ. ಆಕೆಗೆ ಒಪ್ಪಿಗೆಯಿಲ್ಲದ ಮೌನ.

ಇಂಥ ರಿಪೇರಿಗೆಂದೇ ಮನೆಯೊಂದಕ್ಕೆ ವರ್ಷಕ್ಕೊಂದು ತಿಂಗಳ ಬಾಡಿಗೆಯನ್ನು ನಾನು ಬೇರೆ ಖಾತೆಯಲ್ಲಿ ಇಡುತ್ತೇನೆ. ಆದಾಯ ತೆರಿಗೆಯವರು, ಕಟ್ಟಿದ ಆಸ್ತಿ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ಶೇ 30 ಬಿಡುತ್ತಾರೆ. ನಯಾಪೈಸೆ ಖರ್ಚಾಗದಿದ್ದರೂ ಅಷ್ಟೇ, ಪೈಪೆಲ್ಲ ಕಿತ್ತು ಹೊಸದು ಹಾಕಿಸಿದರೂ ಅಷ್ಟೇ. ಆ ಲೆಕ್ಕ ನಂಬಿ ದುಡ್ಡನ್ನು ಮನೆಖರ್ಚಿಗೆ ಬಿಟ್ಟರೆ ಗೀಸರ್ ಸುಟ್ಟ ದಿನ ಸಾಲ ಕೇಳಬೇಕಾಗುತ್ತದೆ.

“ಸರ್, ಆ ವಾಲ್ವು?” ಪ್ಲಂಬರ್ ಕೈ ಒರೆಸುತ್ತಿದ್ದಾನೆ. ನಿಜವಾಗಿ ಪೈಪು ಒಡೆದ ದಿನ ಅದು ಮುಚ್ಚದಿದ್ದರೆ ಟ್ಯಾಂಕಿನ ಸಾವಿರ ಲೀಟರೂ ಮೇಷ್ಟ್ರ ತಲೆ ಮೇಲೆ. ಮೂರನ್ನೂ ಬದಲಿಸು ಅಂದೆ. ಹಿತ್ತಾಳೆ ಬೇಡ, ಪ್ಲಾಸ್ಟಿಕ್ಕಿನ ಬಾಲ್ ವಾಲ್ವ್ ಸಾಕು. ಕಾಲು ತಿರುವಿಗೆ ಮುಚ್ಚುತ್ತದೆ. ಆದರೆ ಟ್ಯಾಂಕ್ ಖಾಲಿ ಮಾಡಬೇಕು.

“ಎಲ್ಲಾರೂ ನೀರು ಹಿಡ್ಕೊಳ್ಳಿ, ಅರ್ಧ ಗಂಟೆ ಟೈಮು!” ಎಂದು ಮೆಟ್ಟಿಲ ಮೇಲಿಂದ ಕೂಗಿ ಅಂಗಡಿಗೆ ಹೊರಡುತ್ತಾನೆ. ಮೂರೂ ಮನೆಯಲ್ಲಿ ನಲ್ಲಿಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ. ಮೇಷ್ಟ್ರ ಮನೆಯಲ್ಲಿ ಕೊಡ, ಹಂಡೆ, ಕುಕ್ಕರ್ ತನಕ ತುಂಬುತ್ತಿವೆ. ಹುಡುಗರ ಹತ್ತಿರ ಇರುವುದು ಒಂದೇ ಬಕೆಟ್, ಅದರಲ್ಲಿನ್ನೂ ನೀಲಿ ನೀರಿದೆ.